ಅಮಾವಾಸ್ಯೆಯ ಮರುದಿನದ ಜವುಗು

ಶ್ರಾವ್ಯಾ, ಅಚ್ಯುತಾ,

ಅಜ್ಜಿಗೂ ಒಂದು ಕಾಲದಲ್ಲಿ ಆಫೀಸಿತ್ತು ಎಂದರೆ ನೀವು "ರಿಯಲಿ?" ಎಂದು ಹುಬ್ಬೇರಿಸುತ್ತೀರಿ. ಇತ್ತು. ಶ್ರಾವ್ಯಾ, ನೀನಾಗ ಅಂಬೆಗಾಲಿಡುತ್ತಿದ್ದೆ. ಅಚ್ಯುತ ಇನ್ನೂ ಹುಟ್ಟಿರಲಿಲ್ಲ. ಎದುರಿಗೆ ಕೂರಿಸಿಕೊಂಡು ಹೇಳೋಣವೆಂದರೆ ನನಗೆ ಮಾತು ಬಾರದು, ನಿಮಗೆ ಕೂತು ಕೇಳಲು ಪುರುಸೊತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಒಂದೇ ಒಂದು ಬೇಸಿಗೆಯ ಸಂಗತಿ. ಕೊಲ್ಲಿಯ ದಡದಲ್ಲಿ ಎರಡು ಜವುಗು ನೆಲಗಳಿದ್ದವು. ಅವುಗಳಲ್ಲಿ ಒಂದನ್ನು ಮಾತ್ರ ಹಕ್ಕಿಗಳಿಗಾಗಿ ಉಳಿಸಿಕೊಳ್ಳಬಹುದಿತ್ತು. ಯಾವುದನ್ನು ಎಂದು ಹೇಳಬೇಕಾದವರು ನಾವು. ನಾವು ತಪ್ಪು ಜವುಗನ್ನು ಆರಿಸುವುದರಲ್ಲಿದ್ದೆವು.

ಆಫೀಸು ಎಂದರೆ ನ್ಯೂಜೆರ್ಸಿಯ ಪಿಸ್ಕಾಟವೇಯಲ್ಲಿ ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನ ಹಿಂಬದಿಯ ಎರಡು ಕೋಣೆ. ನಡುವೆ ಗಾಜಿನ ಗೋಡೆ. ಒಳಕೋಣೆಯಲ್ಲಿ ದೊಡ್ಡ ಮೇಜು, ಅದರ ಮೇಲೊಂದು ಫೋನು, ಗೋಡೆ ತುಂಬ ನಕ್ಷೆಗಳು. ಹೊರಕೋಣೆಯಲ್ಲಿ ನಾನು ಮತ್ತು ಇನ್ನೊಂದು ಫೋನು. ಹಕ್ಕಿಗಳ ಉಳಿವಿಗಾಗಿ ದುಡಿಯುತ್ತಿದ್ದ ಸಣ್ಣ ಸಂಸ್ಥೆ ಅದು. ನಿಮ್ಮ ತಾತ ತೀರಿಕೊಂಡ ಮೇಲೆ ಗೋಡೆ ನೋಡುತ್ತ ಕೂರುತ್ತಿದ್ದ ನನ್ನನ್ನು ನಿಮ್ಮಮ್ಮ ಯಾರನ್ನೋ ಹಿಡಿದು ಅಲ್ಲಿಗೆ ಸೇರಿಸಿದ್ದಳು, ಲಕೋಟೆ ಅಂಟಿಸುವ ಕೆಲಸಕ್ಕೆ. ಕ್ರಮೇಣ ಫೋನೂ ನನ್ನ ಪಾಲಿಗೆ ಬಂತು. ಎದುರಿಗೆ ಮನುಷ್ಯರಿದ್ದರೆ ನನ್ನ ಇಂಗ್ಲಿಷು ಗಂಟಲಲ್ಲೇ ಒಣಗುತ್ತಿತ್ತು. ಫೋನಿನಲ್ಲಿ ಮುಖ ಕಾಣದು. ಕಣ್ಣು ಮುಚ್ಚಿಕೊಂಡು ಮಾತಾಡಿಬಿಡುತ್ತಿದ್ದೆ.

ನಮ್ಮ ಮುಖ್ಯಸ್ಥೆ ಹಕ್ಕಿಗಳ ವಿಜ್ಞಾನಿ, ಹೆಚ್ಚುಕಡಿಮೆ ನನ್ನ ವಯಸ್ಸಿನ ಅಮೆರಿಕನ್ ಹೆಂಗಸು. ಎಲ್ಲರೂ ಅವರನ್ನು ಹೆಸರು ಹಿಡಿದು ಕರೆಯುತ್ತಿದ್ದರು. ನನಗೆ ನಾಲಿಗೆ ಹೊರಳಲಿಲ್ಲ. ಮೇಡಂ ಎಂದರೆ ಅವರಿಗೆ ಹಿಡಿಸದು. ಹೀಗಾಗಿ ಇದ್ದಷ್ಟು ಕಾಲವೂ ಅವರನ್ನು ಏನೂ ಕರೆಯದೆ, "ಎಕ್ಸ್‌ಕ್ಯೂಸ್ ಮಿ" ಎನ್ನುತ್ತಲೇ ನಿಭಾಯಿಸಿದೆ.

ಅದು ಬ್ಯಾಂಕುಗಳು ಒಂದರ ಹಿಂದೊಂದು ಬಿದ್ದ ಮರುವರ್ಷ. ಎಡಿಸನ್ನಿನ ನಮ್ಮ ಬೀದಿಯಲ್ಲಿ 'ಫಾರ್ ಸೇಲ್' ಹಲಗೆಗಳು ನಿಂತು ನಿಂತು ಓರೆಯಾಗಿದ್ದವು. ನ್ಯೂಯಾರ್ಕಿಗೆ ಕೆಲಸಕ್ಕೆ ಹೋಗುವವರು ರೈಲು ಹತ್ತುವ ಮೆಟುಚೆನ್ ಸ್ಟೇಷನ್ನಿನಲ್ಲಿ ಬೆಳಗ್ಗೆ ಕಾರು ನಿಲ್ಲಿಸಲು ಸಲೀಸಾಗಿ ಜಾಗ ಸಿಗುತ್ತಿತ್ತು, ಅದನ್ನು ಕಂಡು ಯಾರಿಗೂ ಖುಷಿಯಾಗುತ್ತಿರಲಿಲ್ಲ. ಊಟದ ನಡುವೆ ಫೋನು ಸದ್ದು ಮಾಡಿದರೆ ನಿಮ್ಮಪ್ಪ ತುತ್ತು ಕೆಳಗಿಟ್ಟುಬಿಡುತ್ತಿದ್ದರು. ಯಾರಿಗೂ ಒಂದು ಕಡೆ ಕೂರಲಾಗದ ವರ್ಷ ಅದು. ನಮ್ಮ ಆಫೀಸಿಗೂ ಬರುತ್ತಿದ್ದ ಅನುದಾನ ನಿಂತು, ಜವುಗಿಗೆ ಹೋಗಿ ಹಕ್ಕಿ ನೋಡಿಕೊಂಡು ಬರುತ್ತಿದ್ದ ಸಂಬಳದ ಹುಡುಗಿಯರಿಬ್ಬರನ್ನು ಕಳಿಸಿಬಿಟ್ಟಿದ್ದರು. ಉಳಿದವರು ಮುಖ್ಯಸ್ಥೆ, ನಕ್ಷೆ ಮಾಡುವವನೊಬ್ಬ ಮತ್ತು ನಾನು.

ಆದರೆ ಕೆಲಸ ನಿಲ್ಲುವ ಹಾಗಿರಲಿಲ್ಲ. ನ್ಯೂಯಾರ್ಕ್, ನ್ಯೂಜೆರ್ಸಿ ಎರಡೂ ಕಡೆಯ ಸಂಸ್ಥೆಗಳು ಕೂಡಿ, ಈ ಸೀಮೆಯಲ್ಲಿ ಹಕ್ಕಿಗಳಿಗಾಗಿ ಎಲ್ಲಕ್ಕಿಂತ ಮೊದಲು ಕಾಪಾಡಬೇಕಾದ ಜಾಗಗಳನ್ನು ಗುರುತಿಸುತ್ತಿದ್ದವು. ಆಯ್ಕೆಯಾದ ಜಾಗಕ್ಕೆ ಕಾವಲು, ದುರಸ್ತಿ, ಅಕ್ಕಪಕ್ಕದ ನೆಲ ಕೊಳ್ಳುವ ಪ್ರಯತ್ನ ಎಲ್ಲವೂ ಸಿಗುತ್ತದೆ. ಆಯ್ಕೆಯಾಗದ ಜಾಗವನ್ನು ಕೇಳುವವರಿಲ್ಲ. ಒಂದು ಜಾಗವನ್ನು ಆರಿಸುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆಗಳನ್ನು ಮುಖ್ಯಸ್ಥೆ ನನಗೆ ಬಿಡಿಸಿ ಹೇಳಿದ್ದರು. ಬೇರೆ ಕಡೆ ನೆಲೆಯಿಲ್ಲದ ಹಕ್ಕಿ ಇಲ್ಲಿದೆಯೇ? ಇದ್ದರೆ ಸುಮ್ಮನೆ ಬಂದುಹೋಗುತ್ತದೆಯೋ, ಮರಿ ಮಾಡುತ್ತದೆಯೋ? ಈ ಜಾಗವನ್ನು ಉಳಿಸಿಕೊಳ್ಳಲು ಸಾಧ್ಯವೇ? ಹಣ ಬತ್ತಿದ್ದರಿಂದ ನಮ್ಮ ದಡದಿಂದ ಒಂದೇ ಜವುಗು ಎಂದು ಆ ಸಂಸ್ಥೆಗಳ ಸಮಿತಿಯವರು ಮೊದಲೇ ಹೇಳಿಬಿಟ್ಟಿದ್ದರು.

ನಮಗೆ ಬೇಕಾಗಿದ್ದ ಹಕ್ಕಿ ಒಂದು ಗುಬ್ಬಿ. ಮನೆಯ ಗುಬ್ಬಿಯಲ್ಲ, ಉಪ್ಪು ಜವುಗಿನ ಗುಬ್ಬಿ. ಕೆನ್ನೆಯ ಸುತ್ತ ಕಿತ್ತಳೆ ಬಣ್ಣ ಬಳಿದಂತಿರುತ್ತದೆ. ಈ ಕರಾವಳಿಯ ಉಪ್ಪುಹುಲ್ಲು ಬಿಟ್ಟು ಬೇರೆಲ್ಲೂ ಗೂಡು ಕಟ್ಟದು. ಹುಲ್ಲು ಕರುವಿನ ಹಣೆಯ ಸುಳಿಯಂತೆ ಸುತ್ತಿ ಮಲಗಿರುತ್ತದಲ್ಲ, ಅದರೊಳಗೆ, ನೆಲದಿಂದ ಗೇಣೂ ಮೇಲಿಲ್ಲದ ಕಡೆ ಗೂಡು. ಗಂಡು ಆ ಕಡೆ ತಲೆ ಹಾಕಿಯೂ ನೋಡದು. ಕಟ್ಟುವುದು, ಕಾವು ಕೊಡುವುದು, ಉಣಿಸುವುದು ಎಲ್ಲ ಹೆಣ್ಣೊಂದೇ.

ಎರಡು ಜವುಗುಗಳಲ್ಲಿ ಒಂದನ್ನು ನಾವು ದೊಡ್ಡ ಜವುಗು ಎನ್ನುತ್ತಿದ್ದೆವು. ಕೊಲ್ಲಿಗೆ ತೆರೆದುಕೊಂಡ ವಿಶಾಲ ಹಸಿರು, ನಡೆಯಲು ಮರದ ಹಲಗೆಯ ದಾರಿ, ಕಾರು ನಿಲ್ಲಿಸಲು ಜಾಗ. ಇನ್ನೊಂದು ಹಳೆಯ ಕಸದ ಗುಡ್ಡದ ಬೆನ್ನಿಗೆ ಅಡಗಿದ್ದ ಪುಟ್ಟ ಜವುಗು. ಅದರ ಬಾಯಿಗೆ ಅಡ್ಡವಾಗಿ ಯಾರೂ ಬಳಸದ ಹಳೇ ರಸ್ತೆ. ಗಬ್ಬು ವಾಸನೆ. ಅಲ್ಲಿಗೆ ಹೋಗಲು ಯಾರೂ ಒಪ್ಪುತ್ತಿರಲಿಲ್ಲ.

ಹೋಗುವವರಾದರೂ ಯಾರು? ಸಂಬಳವಿಲ್ಲದೆ ಜವುಗಿಗೆ ಹೋಗುವ ಜನ ನಿನಗೆ ಗೊತ್ತಿದ್ದಾರೆಯೇ ಎಂದು ಮುಖ್ಯಸ್ಥೆ ನನ್ನನ್ನು ಕೇಳಿದರು. ನನಗೆ ಗೊತ್ತಿದ್ದವರು ನಮ್ಮವರೇ. ಕೆಲಸ ಹೋಗಿ ಮನೆಯಲ್ಲಿ ಶತಪಥ ಹಾಕುತ್ತಿದ್ದ ಗಂಡಸರು, ಅವರ ಶತಪಥ ನೋಡಲಾರದ ಹೆಂಗಸರು. ಬೆಂಗಳೂರು, ಮೈಸೂರು, ಹಾಸನ ಕಡೆಯವರು. ಒಬ್ಬೊಬ್ಬರಿಗೇ ಫೋನು ಮಾಡಿದೆ. ನನಗೇ ಆಶ್ಚರ್ಯವಾಗುವಂತೆ ಎಲ್ಲರೂ ಒಪ್ಪಿದರು. "ಆಂಟಿ, ಇವರನ್ನ ಎಲ್ಲಿಗಾದ್ರೂ ಕರ್ಕೊಂಡು ಹೋಗಿ, ಗುಬ್ಬಿನಾದ್ರೂ ನೋಡ್ಲಿ, ಗೂಬೆನಾದ್ರೂ ನೋಡ್ಲಿ" ಎಂದಳು ಒಬ್ಬಳು. ಅವಳ ಗಂಡ ಹಿಂದಿನಿಂದ "ಗೂಬೆ ಮನೇಲೇ ಇದೆ" ಎಂದಿದ್ದೂ ಕೇಳಿಸಿತು. ಮುಖ್ಯಸ್ಥೆ ಎರಡು ಭಾನುವಾರ ಅವರಿಗೆ ಹಕ್ಕಿ ಗುರುತಿಸುವುದನ್ನು ಕಲಿಸಿದರು. ಹೆಣ್ಣು ಹಕ್ಕಿ ಕೊಕ್ಕಿನಲ್ಲಿ ಹುಳು ಕಚ್ಚಿಕೊಂಡು ಹುಲ್ಲಿಗಿಳಿದರೆ ಅಲ್ಲಿ ಮರಿಯಿದೆ ಎಂದರ್ಥ. ಗೂಡು ಹುಡುಕಬಾರದು, ಮುಟ್ಟಬಾರದು. ಕಂಡದ್ದನ್ನು ಹೇಳಿದರೆ ಸಾಕು.

ಯಾರು ಯಾವತ್ತು ಹೋಗಬೇಕು ಎಂದು ಗೊತ್ತುಮಾಡುವ ಕೆಲಸ ನನ್ನದು. ಕಡಲಿನ ಇಳಿತದ ಹೊತ್ತಿನಲ್ಲೇ ಒಳಗೆ ಹೋಗಬೇಕು, ಆ ಹೊತ್ತನ್ನು ಮುಖ್ಯಸ್ಥೆ ನೋಡಿ ಕೊಡುತ್ತಿದ್ದರು. ದಿನವನ್ನು ನನಗೇ ಬಿಟ್ಟಿದ್ದರು. ತಿಂಗಳುದ್ದಕ್ಕೂ ಹರಡಿ ಇಟ್ಟುಕೋ ಎಂದಿದ್ದರು ಅಷ್ಟೆ. ನಾನು ಹರಡಿಯೇ ಇಡುತ್ತಿದ್ದೆ.

"ಆಂಟಿ, ಆ ಶನಿವಾರ ಅಮಾವಾಸ್ಯೆ ಅಲ್ವಾ?" ಎಂದು ಕೇಳಿದವಳು ಒಂದು ಔಷಧ ಕಂಪನಿಯಲ್ಲಿ ದೊಡ್ಡ ಕೆಲಸದಲ್ಲಿದ್ದವಳು. "ಅವತ್ತು ಬೇಡಪ್ಪ. ಮೊದ್ಲೇ ಇವರ ಪ್ರಾಜೆಕ್ಟ್ ಅಲ್ಲಾಡ್ತಾ ಇದೆ."

"ಮರುದಿನ ಹೋಗ್ತೀಯೇನಮ್ಮಾ?"

"ಮರುದಿನ ಪಾಡ್ಯ, ಅದೂ ಬೇಡ. ಒಂದೆರಡು ದಿನ ಕಳೀಲಿ. ನಾನು ಇದೆಲ್ಲ ನಂಬಲ್ಲ ಆಂಟಿ, ಸುಮ್ನೆ ಯಾಕೆ ರಿಸ್ಕ್?"

ಎಲ್ಲರದೂ ಅದೇ ಮಾತು. ಕೆಲಸ ಗಟ್ಟಿಯಿದ್ದಾಗ ಅಮಾವಾಸ್ಯೆ ಯಾವತ್ತು ಎಂದು ತಿಳಿಯದಿದ್ದವರೂ ಆ ವರ್ಷ ಕೇಳತೊಡಗಿದ್ದರು. ನನಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ನಮ್ಮೂರಲ್ಲಿ ಅಮಾವಾಸ್ಯೆಯಂದು ನೇಗಿಲು ಹೂಡುತ್ತಿರಲಿಲ್ಲ, ಪಯಣ ಹೊರಡುತ್ತಿರಲಿಲ್ಲ. ಅಡುಗೆಮನೆಯ ದೇವಸ್ಥಾನದ ಕ್ಯಾಲೆಂಡರು ನೋಡಿ ಆ ನಾಲ್ಕಾರು ದಿನ ಬಿಟ್ಟು ಉಳಿದ ದಿನಗಳನ್ನು ಹಂಚಿದೆ. ಕೈ ತಾನಾಗಿಯೇ ಹಾಗೆ ಮಾಡಿತು.

ದೊಡ್ಡ ಜವುಗಿನಿಂದ ಬಂದ ಸುದ್ದಿಯೆಲ್ಲ ಸಿಹಿ. ಒಬ್ಬರು ಹೆಣ್ಣು ಹಕ್ಕಿ ಹುಲ್ಲು ಹೊರುವುದನ್ನು ಕಂಡರು, ಮುಂದಿನ ವಾರ ಹೋದವರು ಹುಳು ಹೊರುವುದನ್ನು ಕಂಡರು. ಕಸದ ಗುಡ್ಡದ ಜವುಗಿನಲ್ಲಿ ಹಕ್ಕಿ ಕಡಿಮೆ, ಹೋಗುವವರೂ ಕಡಿಮೆ. ನಕ್ಷೆಯವನು ದೊಡ್ಡ ಜವುಗಿನ ಸುತ್ತ ಗೆರೆ ಎಳೆಯಲು ಶುರುಮಾಡಿಬಿಟ್ಟ. ಮುಖ್ಯಸ್ಥೆ ಮಾತ್ರ ಒಮ್ಮೊಮ್ಮೆ, "ಹಾರಲು ಕಲಿತ ಮರಿಯನ್ನು ಯಾರೂ ನೋಡಿಲ್ಲವಲ್ಲ?" ಎನ್ನುತ್ತಿದ್ದರು. "ಹುಲ್ಲಿನೊಳಗೆ ಅವು ಕಾಣುವುದೇ ಕಷ್ಟ" ಎನ್ನುತ್ತಿದ್ದ ಅವನು. ಅದೂ ನಿಜವೇ.

ಎಲ್ಲರೂ ಭಾಯಿ ಎಂದು ಕರೆಯುತ್ತಿದ್ದ ಮೈಸೂರಿನವರೊಬ್ಬರು ಸೇರಿದ್ದು ಜೂನಿನ ನಡುವೆ. ನ್ಯೂಯಾರ್ಕಿನ ಬ್ಯಾಂಕೊಂದರ ಕಂಪ್ಯೂಟರ್ ವಿಭಾಗದಲ್ಲಿದ್ದವರು, ನಲವತ್ತು ದಾಟಿದವರು. ಒಂದು ಬೆಳಗ್ಗೆ ಅವರ ಇಡೀ ಮಹಡಿಯನ್ನೇ ಖಾಲಿ ಮಾಡಿಸಿದ್ದರಂತೆ. "ನನಗೆ ಯಾವ ದಿನವಾದ್ರೂ ಕೊಡಿ ಆಂಟಿ. ಮನೇಲಿ ಕೂತ್ರೆ ಫ್ರಿಜ್ ತೆಗೀತೀನಿ, ಮುಚ್ತೀನಿ. ನಮ್ಮನೆಯವಳು ಅದಕ್ಕೆ ಬೀಗ ಹಾಕಿಸ್ತೀನಿ ಅಂತಿದ್ದಾಳೆ" ಎಂದರು. ಯಾರಿಗೂ ಬೇಡವಾಗಿ ಖಾಲಿ ಉಳಿದ ದಿನ ಒಂದಿತ್ತು, ಜ್ಯೇಷ್ಠ ಅಮಾವಾಸ್ಯೆಯ ಮರುದಿನ. ಅವರಿಗೆ ಅದನ್ನೇ ಕೊಟ್ಟು ದೊಡ್ಡ ಜವುಗಿಗೆ ಕಳಿಸಿದೆ.

ಅವತ್ತು ಭಾಯಿ ಕಾರಿನಿಂದಲೇ ಫೋನು ಮಾಡಿದರು.

"ಆಂಟಿ, ನೀವು ಹೇಳಿದ ಜಾಗಕ್ಕೇ ಬಂದಿದೀನಾ ಅಂತ ಡೌಟು."

"ಹಲಗೆ ದಾರಿ ಇದೆಯೇನಪ್ಪಾ?"

"ಇದೆ. ನೀರು ಇಳಿದಿದೆ. ಆದರೆ ಹುಲ್ಲೆಲ್ಲ ಒದ್ದೆ, ಕಸ ಕಡ್ಡಿ ಮೆತ್ಕೊಂಡಿದೆ. ಮೊಟ್ಟೆ ಆಂಟಿ, ಚಿಕ್ಕ ಚಿಕ್ಕ ಮೊಟ್ಟೆ, ಗುಂಡೀಲಿ ನಿಂತ ನೀರಲ್ಲಿ ತೇಲ್ತಾ ಇವೆ. ಹಕ್ಕಿ ಸುಮ್ನೆ ಏಳುತ್ವೆ, ಕೂರುತ್ವೆ. ಎಲ್ಲಿ ಇಳೀಬೇಕೂ ಅಂತ ಗೊತ್ತಾಗ್ತಿಲ್ಲ ಅವಕ್ಕೆ." ಆಮೇಲೆ ನಗಲು ನೋಡಿದರು. "ಇವಕ್ಕೂ ಲೇ-ಆಫ್ ಆಗಿದೆ ಆಂಟಿ. ಒಂದೇ ರಾತ್ರೀಲಿ, ಇಡೀ ಫ್ಲೋರು."

ಅವರು ಹೇಳಿದ್ದನ್ನು ನಾನು ಹಾಗೆಯೇ ಮುಖ್ಯಸ್ಥೆಗೆ ತಲುಪಿಸಿದೆ. ಅಂದಿನಿಂದ ನನಗೆ ಸಮಾಧಾನವಿಲ್ಲ. ಅನ್ನಕ್ಕಿಟ್ಟರೆ ತಳ ಹಿಡಿಸುತ್ತಿದ್ದೆ, ಶ್ರಾವ್ಯಾ, ನಿನಗೆ ಹಾಲು ಕುಡಿಸುತ್ತ ಬೇರೆಲ್ಲೋ ನೋಡುತ್ತಿದ್ದೆ. ಏನೋ ಒಂದು ಕಣ್ಣೆದುರಿಗೇ ಇದೆ, ಕಾಣುತ್ತಿಲ್ಲ ಎಂಬ ಹಾಗೆ.

ಜುಲೈ ಆರಂಭದಲ್ಲಿ ಒಳಕೋಣೆಯಲ್ಲಿ ಕೊನೆಯ ಸಭೆ. ನ್ಯೂಯಾರ್ಕ್ ಕಡೆಯ ಸಮಿತಿಯವರಿಬ್ಬರು ಬಂದಿದ್ದರು. ಎಲ್ಲರಿಗೂ ಕಾಫಿ ಕೊಟ್ಟು ನಾನು ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತೆ. ನಕ್ಷೆಯವನು ದೊಡ್ಡ ಜವುಗಿನ ಗುಣಗಳನ್ನು ಹೇಳಿ ಮುಗಿಸಿದ. ಮುಖ್ಯಸ್ಥೆ ಭಾಯಿ ಕಂಡದ್ದನ್ನು ಎತ್ತಿದರು.

"ಒಬ್ಬನೇ ಒಬ್ಬ ಹಾಗೆ ಹೇಳಿದ್ದಾನೆ, ಅದೂ ಹೊಸಬ" ಎಂದ ನಕ್ಷೆಯವನು. "ಎಲ್ಲಿ ನಿಂತಿದ್ದನೋ, ಯಾವ ಮೊಟ್ಟೆ ನೋಡಿದನೋ. ಉಳಿದವರೆಲ್ಲ ಮರಿಗಳಿವೆ ಅನ್ನುತ್ತಿದ್ದಾರೆ. ಅದೊಂದನ್ನು ಬಿಟ್ಟುಬಿಡೋಣ."

ಅವನು ಹೇಳಿದ್ದರಲ್ಲಿ ಕೆಟ್ಟದ್ದೇನಿರಲಿಲ್ಲ. ಸಮಿತಿಯವರು ತಲೆಯಾಡಿಸಿದರು. ಆಗ ನನಗೆ ಹೊಳೆಯಿತು. ಭಾಯಿ ಒಬ್ಬರೇ ಹಾಗೆ ಹೇಳಿದ್ದು ನಿಜ, ಏಕೆಂದರೆ ಆ ದಿನ ಹೋದವರು ಅವರೊಬ್ಬರೇ. ಹಿಂದಿನ ಅಮಾವಾಸ್ಯೆಗೂ ಯಾರೂ ಹೋಗಿರಲಿಲ್ಲ. ಹೋಗದ ಹಾಗೆ ದಿನ ಹಂಚಿದ್ದು ನಾನು. ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಕಡಲು ಉಬ್ಬುತ್ತದೆ ಎಂದು ಊರ ಶಾಲೆಯಲ್ಲಿ ರಾಗವಾಗಿ ಒಪ್ಪಿಸಿದ್ದೆವು. ನಮ್ಮೂರಲ್ಲಿ ಕಡಲೆಲ್ಲಿತ್ತು? ಕೆರೆಯಿತ್ತು. ಆ ಪಾಠ ಪಾಠವಾಗಿಯೇ ಉಳಿದಿತ್ತು.

ಹೇಳಬೇಕು ಎಂದು ಬಾಯಿ ತೆರೆದೆ. ಸಮಿತಿಯವರಲ್ಲೊಬ್ಬರು ನನ್ನತ್ತ ನೋಡಿ, ಇನ್ನಷ್ಟು ಕಾಫಿ ಬೇಕೇ ಎಂದು ಕೇಳುತ್ತಿದ್ದೇನೆ ಎಂದುಕೊಂಡು, "ನೋ, ಥ್ಯಾಂಕ್ ಯೂ" ಎಂದರು. ನಾನೆದ್ದು ಹೊರಗೆ ಬಂದುಬಿಟ್ಟೆ.

ನನ್ನ ಮೇಜಿನ ಮುಂದೆ ನಿಂತೆ. ಗಾಜಿನಾಚೆ ಅವರು ಕಾಗದಗಳನ್ನು ಜೋಡಿಸಿಕೊಳ್ಳುತ್ತಿದ್ದರು. ಇನ್ನೇನು ಏಳುತ್ತಾರೆ. ಫೋನೆತ್ತಿ ಒಳಕೋಣೆಯ ಫೋನಿಗೇ ಮಾಡಿದೆ.

ಒಳಗೆ ಅದು ರಿಂಗಾದಾಗ ಎಲ್ಲರೂ ಬೆಚ್ಚಿದರು. ಮುಖ್ಯಸ್ಥೆ ಎತ್ತಿದರು.

"ನಾನು" ಎಂದೆ.

"ನಾನು ಅಂದರೆ?"

"ಹೊರಗಿನ ಕೋಣೆಯಿಂದ."

ಅವರು ತಲೆ ತಿರುಗಿಸಿ ಗಾಜಿನ ಮೂಲಕ ನನ್ನನ್ನು ನೋಡಿದರು. ನಾನು ಥಟ್ಟನೆ ಗೋಡೆಯ ಕಡೆ ಮುಖ ಮಾಡಿ ಕೂತೆ. ನಕ್ಷೆಯವನು ನಕ್ಕದ್ದು ಕೇಳಿಸಿತು. ಕಣ್ಣು ಮುಚ್ಚಿಕೊಂಡು ಹೇಳತೊಡಗಿದೆ. ನಮ್ಮಲ್ಲಿ ಅಮಾವಾಸ್ಯೆ ಎಂದರೆ ಏನು, ಆ ದಿನ, ಅದರ ಮರುದಿನ ಜನ ಯಾಕೆ ಹೊರಡುವುದಿಲ್ಲ, ಈ ವರ್ಷ ಆ ಭಯ ಯಾಕೆ ಹೆಚ್ಚು, ನಾನು ದಿನಗಳನ್ನು ಹೇಗೆ ಹಂಚಿದೆ ಎಲ್ಲವನ್ನೂ. ಮಾತು ಮುಗಿಸಿ ತಿರುಗಿ ನೋಡಿದೆ. ಮುಖ್ಯಸ್ಥೆ ಉಬ್ಬರದ ಪಟ್ಟಿ ತೆಗೆದು ಬೆರಳಿಟ್ಟು ನೋಡುತ್ತಿದ್ದರು. ನಗುತ್ತಿದ್ದವನು ಅವರ ಹೆಗಲ ಮೇಲಿಂದ ಬಗ್ಗಿದ್ದ.

ಅವರು ಬಾಗಿಲಿಗೆ ಬಂದು ನನ್ನನ್ನು ಒಳಗೆ ಕರೆಯಲಿಲ್ಲ. ನನ್ನ ಸ್ವಭಾವ ಬಲ್ಲವರು, ಫೋನಿನಲ್ಲೇ ಹೇಳಿದರು. "ಈ ಬೇಸಿಗೆ ಹುಣ್ಣಿಮೆಗಿಂತ ಅಮಾವಾಸ್ಯೆಯ ಉಬ್ಬರವೇ ಜೋರು. ಗೂಡು ಕಟ್ಟಿ ಮರಿ ಹಾರುವುದಕ್ಕೆ ಆ ಹಕ್ಕಿಗೆ ಹೆಚ್ಚುಕಡಿಮೆ ಒಂದು ಅಮಾವಾಸ್ಯೆಯಿಂದ ಇನ್ನೊಂದರವರೆಗೆ ಬೇಕು. ದೊಡ್ಡ ಜವುಗು ತಗ್ಗಿನಲ್ಲಿದೆ. ಪ್ರತಿ ಸಲವೂ ನೀರು ಬಂದು ಎಲ್ಲ ತೊಳೆದುಕೊಂಡು ಹೋಗುತ್ತಿದ್ದರೆ? ಅವು ಮತ್ತೆ ಮತ್ತೆ ಕಟ್ಟುತ್ತಿವೆ. ನಾವು ಮತ್ತೆ ಮತ್ತೆ ಎಣಿಸುತ್ತಿದ್ದೇವೆ."

ಅದಕ್ಕೊಂದು 'ಆದರೆ'ಯೂ ಇತ್ತು. ಒಬ್ಬರು ಒಂದು ದಿನ ಕಂಡದ್ದರಿಂದ ಏನನ್ನೂ ತೀರ್ಮಾನಿಸಲಾಗದು. ಇನ್ನೊಂದು ಅಮಾವಾಸ್ಯೆಯ ಮರುದಿನ ಎರಡೂ ಜವುಗುಗಳನ್ನು ಒಟ್ಟಿಗೆ ನೋಡಬೇಕು. ಸಮಿತಿಯವರು ಮುಖ ಸಿಂಡರಿಸಿ, ತಿಂಗಳ ಕೊನೆಯವರೆಗೆ ಕಾಯುತ್ತೇವೆ, ಆಮೇಲೂ ಗೊಂದಲವಿದ್ದರೆ ನಿಮ್ಮ ದಡವನ್ನೇ ಕೈಬಿಡುತ್ತೇವೆ ಎಂದರು. ಎರಡು ಜವುಗುಗಳೂ ಕೈತಪ್ಪಿ ಹೋಗಬಹುದಿತ್ತು. ಮುಖ್ಯಸ್ಥೆ ಆಗಲಿ ಎಂದುಬಿಟ್ಟರು. ಗೂಡು ಹುಡುಕಲು ಅವರಿಗೆ ಪರವಾನಗಿಯಿತ್ತು. ಮುಂದಿನ ವಾರಗಳಲ್ಲಿ ತಾವೇ ಹೋಗಿ ಎರಡೂ ಕಡೆ ಕೆಲವು ಗೂಡುಗಳ ಹತ್ತಿರ ತೆಳುವಾದ ಬಿದಿರು ಕಡ್ಡಿ ನೆಟ್ಟು ಬಂದರು.

ನಾನು ಜನಕ್ಕೆ ಫೋನು ಮಾಡಿದೆ. ಬರುತ್ತಿದ್ದ ಅಮಾವಾಸ್ಯೆ ಯಾವುದು ಗೊತ್ತೇ? ಆಷಾಢದ್ದು, ಭೀಮನ ಅಮಾವಾಸ್ಯೆ. ಹೆಂಗಸರು ಗಂಡನ ಪಾದಪೂಜೆ ಮಾಡುವ ದಿನ. ಸಾಲದ್ದಕ್ಕೆ ಆ ಸಲ ಊರಿನ ಕಡೆ ಸೂರ್ಯಗ್ರಹಣ ಬೇರೆ.

"ಆಂಟಿ, ಈ ವರ್ಷ ಇವರಿಗೆ ಪೂಜೆ ಜೋರಾಗೇ ಬೇಕು" ಎಂದಳು ಔಷಧ ಕಂಪನಿಯವಳು. "ಮರುದಿನಾನೇ ಎಬ್ಬಿಸಿ ಕೆಸರಿಗೆ ಕಳಿಸಿದ್ರೆ ಆ ಪೂಜೆಗೆ ಏನರ್ಥ ಹೇಳಿ?"

ಅವಳನ್ನು ಬಯ್ಯಲಾರೆ. ನಿಮ್ಮ ತಾತ ಇದ್ದಿದ್ದರೆ ನಾನೂ ಅದನ್ನೇ ಅನ್ನುತ್ತಿದ್ದೆ. ಫೋನಿಟ್ಟೆ. ಆ ದಿನ ನಾನು ಯಾರ ಪಾದವನ್ನೂ ತೊಳೆಯಬೇಕಾಗಿಲ್ಲ, ನನ್ನಿಂದ ಯಾರ ಆಯುಷ್ಯಕ್ಕೂ ತೊಂದರೆಯಿಲ್ಲ ಎಂದು ಯೋಚಿಸಿದ್ದು ನೆನಪಿದೆ. ದುಃಖವಾಗಲಿಲ್ಲ. ಒಂದು ಬಾಗಿಲು ತೆರೆದೇ ಇತ್ತು, ನಾನು ಈಗ ನೋಡಿದೆ ಅನ್ನಿಸಿತು. ಒಳಕೋಣೆಗೆ ನಾನೇ ನಡೆದು ಹೋಗಿ, "ಎಕ್ಸ್‌ಕ್ಯೂಸ್ ಮಿ, ದೊಡ್ಡ ಜವುಗಿಗೆ ನಾನು ಹೋಗುತ್ತೇನೆ" ಎಂದೆ.

ನಿಮ್ಮಮ್ಮ ಕೂಗಾಡಿದಳು. ಅಮಾವಾಸ್ಯೆಯ ಸಂಜೆ ಕೈಗೆ ಅರಿಸಿನ ದಾರ ಕಟ್ಟಿಕೊಂಡೇ ಬಂದು ನನ್ನ ಮುಂದೆ ನಿಂತಳು.

"ಅಮ್ಮ, ನಿನಗೆ ಈಜು ಬರಲ್ಲ."

"ನೀರು ಇಳಿದ ಮೇಲೇ ಒಳಗೆ ಹೋಗೋದು ಕಣೇ."

"ನಾಳೆ ಪಾಡ್ಯ. ನೀನೇ ನಮಗೆ ಹೇಳಿಕೊಟ್ಟಿದ್ದು, ಹೊರಡಬಾರದು ಅಂತ."

"ಅದಕ್ಕೇ ಹೊರಟಿರೋದು" ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಆದರೂ ತನ್ನ ಹಳೆಯ ಟ್ರ್ಯಾಕ್ ಪ್ಯಾಂಟು ಹುಡುಕಿ ಕೊಟ್ಟಳು. ಸೀರೆಯ ಮೇಲೆ ರಬ್ಬರ್ ಬೂಟು ಹಾಕಲಾಗುವುದಿಲ್ಲವಲ್ಲ.

ಬೆಳಗ್ಗೆ ಭಾಯಿ ಕಾರು ತಂದರು. "ನಿಮ್ಮ ಪಂಚಾಂಗದಲ್ಲಿ ಇವತ್ತು ಹೆಂಗಿದೆ ಆಂಟಿ?"

"ಚೆನ್ನಾಗಿಲ್ಲಪ್ಪ."

"ನಮ್ಮಲ್ಲಿ ಹೊಸ ತಿಂಗಳು ಹುಟ್ಟೋ ಹೊತ್ತು. ಚಾಂದ್ ಕಂಡ್ರೆ ದುವಾ ಮಾಡ್ತೀವಿ. ಇಬ್ರದ್ದೂ 'ಆವರೇಜ್' ತಗೊಂಡು ಹೋಗೋಣ ಬನ್ನಿ."

ದೊಡ್ಡ ಜವುಗಿಗೆ ಬಂದಾಗ ಜವುಗೇ ಇರಲಿಲ್ಲ. ಇಷ್ಟು ದಿನ ಎಲ್ಲರ ಬಾಯಲ್ಲಿ ಕೇಳಿದ್ದ ಹಸಿರಿನ ಜಾಗದಲ್ಲಿ ಬೂದು ಬಣ್ಣದ ನೀರು ಹಲಗೆ ದಾರಿಯ ಅಂಚಿನವರೆಗೂ ತುಂಬಿ ನಿಂತಿತ್ತು. ರಾತ್ರಿ ಒಮ್ಮೆ ಬಂದು ಹೋಗಿ, ಈಗ ಮತ್ತೆ ಬಂದಿತ್ತು. ಅಲ್ಲಲ್ಲಿ ಹುಲ್ಲಿನ ತುದಿಗಳು. ತುದಿಗಳ ಮೇಲೆ ಹೆಣ್ಣು ಗುಬ್ಬಿಗಳು. ಒಂದು ಎದ್ದು ನೀರಿನ ಮೇಲೆ ಒಂದೇ ಕಡೆ ರೆಕ್ಕೆ ಬಡಿದು ವಾಪಸು ಬಂದು ಕೂರುತ್ತಿತ್ತು. ಮತ್ತೆ ಏಳುತ್ತಿತ್ತು. ಭಾಯಿ ಫ್ಲಾಸ್ಕಿನಿಂದ ಚಹಾ ಸುರಿದು ಕೊಟ್ಟರು. ಇಬ್ಬರೂ ಕುಡಿಯಲಿಲ್ಲ. ಹಸಿರು ಕಣ್ಣಿನ ಕುದುರೆನೊಣಗಳು ಕಚ್ಚುತ್ತಿದ್ದವು. ನಾನು ಹಲಗೆಯ ಮೇಲೆ ಆ ತುದಿಗೂ ಈ ತುದಿಗೂ ನಡೆದೆ. ನೀರು ಇಳಿಯುವುದನ್ನು ಕಾಯುವುದಕ್ಕಿಂತ ಕಷ್ಟದ ಕೆಲಸವನ್ನು ನಾನು ಮಾಡಿಲ್ಲ.

ಇಳಿದ ಮೇಲೆ ಒಳಗೆ ಹೋದೆವು. ಹೆಜ್ಜೆ ಹೆಜ್ಜೆಗೂ ಬೂಟು ಹೂತು, ಭಾಯಿ ಕೈ ಹಿಡಿದು ಎಳೆಯಬೇಕು. ಮೊದಲ ಕಡ್ಡಿಯ ಬಳಿ ಗೂಡು ಒದ್ದೆಯಾದ ಚಿಂದಿಯ ಹಾಗಿತ್ತು, ಮೊಟ್ಟೆಯಿಲ್ಲ. ಎರಡನೆಯದರಲ್ಲಿ ಮರಿಗಳಿದ್ದವು. ಸತ್ತಿದ್ದವು. ಅದನ್ನು ಬಿಡಿಸಿ ಬರೆಯುವುದಿಲ್ಲ. ಮುಂದಿನವೂ ಹಾಗೆಯೇ. ಕೊನೆಯ ಕಡ್ಡಿಯ ಬಳಿ ಒಂದೇ ಒಂದು ಮರಿ, ಹುಲ್ಲಿನ ದಂಟೊಂದನ್ನು ಹತ್ತಿ, ತುದಿಯನ್ನು ಎರಡೂ ಕಾಲಿನಲ್ಲಿ ಅವುಚಿಕೊಂಡು ನೇತಾಡುತ್ತಿತ್ತು. ನೆನೆದು ಮುದ್ದೆಯಾಗಿತ್ತು. ತಾಯಿ ಪಕ್ಕದ ದಂಟಿನ ಮೇಲೆ ಕೊಕ್ಕಿನಲ್ಲಿ ಹುಳು ಇಟ್ಟುಕೊಂಡು ಕೂತಿತ್ತು.

"ಎತ್ಕೊಂಡು ಹೋಗೋಣ ಆಂಟಿ" ಎಂದರು ಭಾಯಿ. "ನನ್ನ ಟೋಪೀಲಿ ಇಡ್ತೀನಿ."

"ಮುಟ್ಟಬಾರದು ಅಂದಿದ್ದಾರೆ. ತಾಯಿ ಇದೆಯಲ್ಲಪ್ಪ."

"ರಾತ್ರಿ ಮತ್ತೆ ನೀರು ಬರುತ್ತೆ."

"ಬರುತ್ತೆ."

ಅವರು ಟೋಪಿ ತೆಗೆದವರು ಮತ್ತೆ ಹಾಕಿಕೊಂಡರು. ನಾವಿದ್ದರೆ ತಾಯಿ ಹತ್ತಿರ ಬರುವುದಿಲ್ಲವೆಂದು ಬೇಗ ಬೇಗ ಹೊರಬಂದೆವು. ಬೇಗ ಎಂದರೂ ಆ ಕೆಸರು ಬಿಡಬೇಕಲ್ಲ.

ಅಲ್ಲಿಂದ ಕಸದ ಗುಡ್ಡದ ಹಿಂದಕ್ಕೆ ಹೋದೆವು. ಮುಖ್ಯಸ್ಥೆ ಹಳೇ ರಸ್ತೆಯ ಮೇಲೆ ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು ಕೂತಿದ್ದರು. ನಮ್ಮ ಮುಖ ನೋಡಿ ಎದ್ದರು. ಕೈಹಿಡಿದು ಒಂದು ಕಡ್ಡಿಯ ಬಳಿ ಕರೆದುಕೊಂಡು ಹೋಗಿ, ದೂರದಿಂದಲೇ ಹುಲ್ಲನ್ನು ಕೋಲಿನ ತುದಿಯಿಂದ ಸರಿಸಿ ತೋರಿಸಿದರು. ಗೂಡಿನ ತಳ ತೇವವಾಗಿತ್ತು. ಮೇಲೆ ನಾಲ್ಕು ಕೆಂಪು ಬಾಯಿಗಳು ಆಕಾಶಕ್ಕೆ ತೆರೆದುಕೊಂಡಿದ್ದವು.

ಹೇಗೆ ಎಂದು ನಾನು ಕೇಳಬೇಕಾಗಲಿಲ್ಲ, ನಿಂತ ಜಾಗದಿಂದಲೇ ಕಾಣುತ್ತಿತ್ತು. ಆ ಹಳೇ ರಸ್ತೆ ನಮ್ಮೂರ ಕೆರೆ ಏರಿಯ ಹಾಗೆ ಜವುಗಿನ ಬಾಯಿಗೆ ಅಡ್ಡ ಮಲಗಿತ್ತು. ಕೆಳಗೆ ಒಂದೇ ಒಂದು ಕೊಳವೆ. ಕಡಲು ಆ ಕೊಳವೆಯಲ್ಲಿ ನುಸುಳಿ ಬಂದು ಜವುಗನ್ನು ತುಂಬುವ ಮೊದಲೇ ಇಳಿತ ಶುರುವಾಗುತ್ತಿತ್ತು. ಅದೆಷ್ಟು ಅಂತರ? ಗೇಣಿನೊಳಗಿನ ಮಾತು. ಆ ಗೇಣಿನಲ್ಲಿ ಎಲ್ಲ ಇತ್ತು.

"ಹೆಚ್ಚು ಹಕ್ಕಿ ಕಂಡ ಕಡೆ ಗೆರೆ ಎಳೆಯುವುದರಲ್ಲಿದ್ದೆ" ಎಂದರು ಮುಖ್ಯಸ್ಥೆ. "ಮರಿ ಹಾರುವ ಕಡೆ ಎಳೆಯಬೇಕಿತ್ತು."

ಆ ವಾರವೇ ನಕ್ಷೆಯವನು ಮೊದಲ ಗೆರೆ ಅಳಿಸಿ ಕಸದ ಗುಡ್ಡದ ಜವುಗಿನ ಸುತ್ತ ಹೊಸದನ್ನು ಎಳೆದ. ಹಳೇ ರಸ್ತೆಯನ್ನೂ ಅದರ ಕೊಳವೆಯನ್ನೂ ಗೆರೆಯೊಳಗೆ ಸೇರಿಸಿಕೊಂಡ. ಸಮಿತಿ ಒಪ್ಪಿತು. ಅಂದರೆ ದೊಡ್ಡ ಜವುಗು ಹೊರಗುಳಿಯಿತು. ಅಲ್ಲಿಗೆ ವಾರವಾರವೂ ಹೋಗುತ್ತಿದ್ದ ನಮ್ಮ ಜನ ನನ್ನ ಮೇಲೆ ಮುನಿಸಿಕೊಂಡರು. "ಅಷ್ಟು ಚೆನ್ನಾಗಿದ್ದ ಜಾಗ ಬಿಟ್ಟು ಕಸದ ಗುಂಡಿನಾ ಆಂಟಿ?" ಎಂದಳು ಔಷಧ ಕಂಪನಿಯವಳು. ಅವಳನ್ನು ಒಂದು ಅಮಾವಾಸ್ಯೆಯ ಮರುದಿನ ಕರೆದುಕೊಂಡು ಹೋಗುತ್ತೇನೆ ಎಂದೆ. ಬರಲಿಲ್ಲ. ಎರಡನ್ನೂ ಉಳಿಸಿಕೊಳ್ಳುವ ಕಾಲವಾಗಿದ್ದರೆ ಎಂದು ನಾನೂ ಎಷ್ಟೋ ಸಲ ಅಂದುಕೊಂಡಿದ್ದೇನೆ. ದಂಟಿಗೆ ಅವುಚಿಕೊಂಡಿದ್ದ ಆ ಮರಿ ಏನಾಯಿತೋ ಗೊತ್ತಿಲ್ಲ. ಈಗಲೂ ಅಮಾವಾಸ್ಯೆ ಬಂದರೆ ನನಗೆ ಒಂದು ಕಡೆ ಕೂರಲಾಗುವುದಿಲ್ಲ. ನಿಮ್ಮಮ್ಮ ಅದನ್ನು ಮಂಡಿನೋವು ಎಂದುಕೊಂಡಿದ್ದಾಳೆ.

ಚಳಿಗಾಲಕ್ಕೆ ಆಫೀಸು ಮುಚ್ಚಿತು. ಭಾಯಿ ಟೆಕ್ಸಾಸಿನಲ್ಲಿ ಕೆಲಸ ಸಿಕ್ಕಿ ಹೋದರು. ಹೋಗುವ ಮುಂಚೆ ಫೋನು ಮಾಡಿ, "ನಾನು ಹೋಗೋ ಊರಲ್ಲಿ ಕಡಲಿಲ್ಲ ಆಂಟಿ, ಅಮಾವಾಸ್ಯೆ ವೇಸ್ಟು" ಎಂದರು. ಕೊನೆಯ ದಿನ ಮುಖ್ಯಸ್ಥೆ ನನ್ನನ್ನು ಅಪ್ಪಿಕೊಂಡಾಗ ನಾನು ಅವರ ಹೆಸರು ಹಿಡಿದು ಕರೆದೆ. ಫೋನಿಲ್ಲದೆ, ಎದುರಿಗೇ.

ಮಕ್ಕಳೇ, ಆ ಗೆರೆ ಇನ್ನೂ ನಕ್ಷೆಯ ಮೇಲಿದೆ. ಕಡಲು ವರ್ಷವರ್ಷಕ್ಕೂ ಏರುತ್ತಿದೆ ಎನ್ನುತ್ತಾರೆ, ಆ ಏರಿ ಎಷ್ಟು ದಿನ ತಡೆದೀತೋ. ಡ್ರೈವ್ ಮಾಡುವ ವಯಸ್ಸಿಗೆ ಬಂದಿದ್ದೀರಿ, ಒಮ್ಮೆ ಹೋಗಿ ನೋಡಿ. ಹೋಗುವುದಾದರೆ ಯಾರೂ ಹೋಗದ ದಿನ ಹೋಗಿ. ಈ ಹಾಳೆಗಳನ್ನು ಮಾತ್ರ ಜೋಪಾನ ಮಾಡಿ. ಅಜ್ಜಿಯ ಸಾಮಾನು ಎಂದು ಬೇಸ್ಮೆಂಟಿಗೆ ಹಾಕಬೇಡಿ. ಜೋರು ಮಳೆ ಬಂದರೆ ನಮ್ಮ ಬೇಸ್ಮೆಂಟಿಗೆ ನೀರು ಬರುತ್ತದೆ. ಮೇಲೆಲ್ಲಾದರೂ ಇಡಿ. ಬಹಳ ಎತ್ತರ ಬೇಕಾಗಿಲ್ಲ, ನೀರಿಗಿಂತ ಒಂದು ಗೇಣು ಮೇಲಿದ್ದರೆ ಸಾಕು.